ಡ್ಯೂಟಿ ಮುಗಿದ ಮೇಲೆ ಬಣ್ಣ



ಈ ವಾರ ತಾರೆಯರ ಗುಸುಗುಸು ಇಲ್ಲ. ಯಾವ ಚಿತ್ರ ಎಷ್ಟು ದಿನ ಓಡಿತು, ಯಾರ ಕಾಲ್‌ಷೀಟು ಯಾರಿಗೆ ಸಿಕ್ಕಿತು ಎಂಬ ಲೆಕ್ಕವೂ ಇಲ್ಲ. ಬೈಕೋಬೇಡಿ. ಮೇಜಿನ ಮೇಲೆ ಒಂದು ಪತ್ರ ಬಂದು ಕೂತಿದೆ. ಅದಕ್ಕೆ ಉತ್ತರ ಕೊಡದೆ ಬೇರೇನು ಬರೆಯಹೋದರೂ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ.

ಬರೆದವನು ಹಾಸನ ಜಿಲ್ಲೆಯ ಒಬ್ಬ ಹುಡುಗ. ಹೆಸರು ಹಾಕಬೇಡಿ ಅಂದಿದ್ದಾನೆ, ಹಾಕುವುದಿಲ್ಲ. ವಯಸ್ಸು ಇಪ್ಪತ್ತನಾಲ್ಕು. ಐ.ಟಿ.ಐ. ಮುಗಿಸಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾನೆ. ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆಗಲು ಇನ್ನು ಎಂಟು ತಿಂಗಳು ಬಾಕಿ. ತಂದೆ ಇಲ್ಲ. ತಾಯಿ ಇದ್ದಾರೆ, ಮದುವೆಗೆ ಬಂದ ತಂಗಿ ಇದ್ದಾಳೆ. ಊರಹಬ್ಬದ ನಾಟಕದಲ್ಲಿ ದುರ್ಯೋಧನನ ಪಾರ್ಟು ಮಾಡಿ ಸೈ ಅನ್ನಿಸಿಕೊಂಡವನು. ಮೊಬೈಲಿನಲ್ಲಿ ಡೈಲಾಗು ಹೊಡೆದು ಹಾಕಿದ ರೀಲ್ಸ್‌ಗೆ ನಾಲ್ಕಾರು ಸಾವಿರ ಮಂದಿ ಮೆಚ್ಚುಗೆ ಒತ್ತಿದ್ದಾರೆ. ಅದನ್ನು ನೋಡಿಯೇ ಬೆಂಗಳೂರಿನಿಂದ ಒಬ್ಬರು ಫೋನು ಮಾಡಿದರಂತೆ. ‘ಕೋ ಡೈರೆಕ್ಟರ್’ ಅಂತೆ. ಸೆಕೆಂಡ್ ಹೀರೋ ಪಾತ್ರವಂತೆ. ನಲವತ್ತು ದಿನದ ಷೂಟಿಂಗು. ಒಂದೇ ಒಂದು ಷರತ್ತು... ಚಿತ್ರದಲ್ಲಿ ‘ಪಾಲು’ ಅಂತ ಹುಡುಗ ಮೂರು ಲಕ್ಷ ರೂಪಾಯಿ ತರಬೇಕಂತೆ!

ಪತ್ರದ ಕೊನೆಯನ್ನು ಅವನ ಮಾತಿನಲ್ಲೇ ಕೊಡುತ್ತೇನೆ: “ಅಣ್ಣಾ, ರಾಜೀನಾಮೆ ಬರ್ದು ಷರಟಿನ ಜೇಬಲ್ಲೇ ಇಟ್ಕಂಡು ಓಡಾಡ್ತಿದೀನಿ. ಕೊಡ್ಲಾ, ಹರಿದು ಹಾಕ್ಲಾ? ಅವ್ವ ದುಡ್ಡಿಗೆ ತಂಗಿ ಒಡವೆ ಅಡ ಇಡ್ತೀನಿ ಅಂತಾಳೆ. ರಜನಿಕಾಂತ್ ಸಾರೂ ಬಸ್ಸಿನವ್ರೇ ಅಲ್ವಾ? ಅವತ್ತು ಅವ್ರು ಹೆದರ್ಕಂಡಿದ್ರೆ ಇವತ್ತು ಏನಾಗಿರೋರು?”

ತಮ್ಮಾ, ಇಂಥ ಕಾಗದ ನನಗೆ ವರ್ಷಕ್ಕೆ ಹತ್ತಾದರೂ ಬರುತ್ತವೆ. ಎಲ್ಲದರಲ್ಲೂ ರಜನಿಕಾಂತ್ ಇದ್ದೇ ಇರುತ್ತಾರೆ. ದೇವರ ಪಟದ ಹಾಗೆ ಅವರನ್ನು ಮುಂದಿಟ್ಟುಕೊಂಡು ಎಲ್ಲರೂ ರಾಜೀನಾಮೆ ಬರೆಯುತ್ತಾರೆ. ಸರಿ, ಅವರ ಕಥೆಯನ್ನೇ ತಗೊಳ್ಳೋಣ. ಆದರೆ ಅರ್ಧ ಬೇಡ, ಪೂರ್ತಿ ತಗೊಳ್ಳೋಣ.

ಶಿವಾಜಿರಾವ್ ಗಾಯಕ್ವಾಡ್ ಎಂಬ ಬೆಂಗಳೂರಿನ ಹುಡುಗ ಬಿ.ಟಿ.ಎಸ್. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದದ್ದು ನಿಜ. ಡ್ಯೂಟಿ ಮುಗಿಸಿಕೊಂಡು ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದದ್ದೂ ನಿಜ. 1973ರಲ್ಲಿ ಅವರು ಮದರಾಸಿಗೆ ಹೋದರು. ಯಾವುದೋ ‘ಕೋ ಡೈರೆಕ್ಟರ್’ ಕರೆದ ಅಂತ ಹೋದದ್ದಲ್ಲ, ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಸೇರಿ ನಟನೆ ಕಲಿಯಲು ಹೋದದ್ದು. 1975ರಲ್ಲಿ ಕೆ. ಬಾಲಚಂದರ್ ‘ಅಪೂರ್ವ ರಾಗಂಗಳ್’ನಲ್ಲಿ ಒಂದು ಚಿಕ್ಕ ಪಾತ್ರ ಕೊಟ್ಟರು. 1976ರಲ್ಲಿ ನಮ್ಮ ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ದಲ್ಲಿ ಕನ್ನಡದ ತೆರೆಗೆ ಬಂದರು. ಆಮೇಲಿನದನ್ನು ನಾನು ನಿನಗೆ ಹೇಳಬೇಕಾಗಿಲ್ಲ.

ನೀವೆಲ್ಲ ಬಿಟ್ಟುಬಿಡುವ ಭಾಗ ಇನ್ನೊಂದಿದೆ. ಕಂಡಕ್ಟರ್ ಮದರಾಸಿಗೆ ಹೋದ, ಸರಿ. ಅದೇ ಬಸ್ಸಿನ ಡ್ರೈವರ್ ಏನು ಮಾಡಿದ? ಆ ಡ್ರೈವರ್ ಹೆಸರು ರಾಜ್ ಬಹದ್ದೂರ್. ಹೋಗು, ನಿನ್ನಲ್ಲಿ ಏನೋ ಇದೆ ಎಂದು ಗೆಳೆಯನನ್ನು ಒತ್ತಾಯ ಮಾಡಿ ಕಳಿಸಿದವರು ಅವರು. ಮದರಾಸಿನ ಖರ್ಚಿಗೆ ತಮ್ಮ ಸಂಬಳದಲ್ಲಿ ಹಣ ಕಳಿಸಿದವರೂ ಅವರೇ. ರಜನಿಕಾಂತ್ ಇದನ್ನು ಎಂದೂ ಮರೆತವರಲ್ಲ, ಸಭೆಗಳಲ್ಲೂ ನೆನೆದಿದ್ದಾರೆ. ಅಂದರೆ ಲೆಕ್ಕ ಏನಾಯ್ತು? ಕಂಡಕ್ಟರನ ಕನಸಿಗೆ ಡೀಸೆಲ್ ಹಾಕಿದ್ದು ಡ್ರೈವರನ ಖಾಯಂ ಸಂಬಳ! ಒಬ್ಬ ಕೆಲಸ ಬಿಟ್ಟ, ಇನ್ನೊಬ್ಬ ಬಿಡಲಿಲ್ಲ. ಇಬ್ಬರೂ ಬಿಟ್ಟಿದ್ದರೆ?

ನಿನ್ನ ಬಸ್ಸಿಗೆ ರಾಜ್ ಬಹದ್ದೂರ್ ಯಾರು, ತಮ್ಮಾ? ನೀನು ಬರೆದ ನಾಲ್ಕು ಪುಟದಲ್ಲಿ ನನಗಂತೂ ಕಾಣಲಿಲ್ಲ. ಕಂಡದ್ದು ತಂಗಿಯ ಒಡವೆ ಮಾತ್ರ.

ಬಸ್ಸಿನ ಮಾತು ಬಂತಲ್ಲ, ಇನ್ನೊಬ್ಬ ಕಂಡಕ್ಟರನ್ನೂ ಹತ್ತಿಸಿಕೊಳ್ಳೋಣ. ಹಿಂದಿಯ ಹಾಸ್ಯನಟ ಜಾನಿ ವಾಕರ್ ಮುಂಬಯಿಯ ಬೆಸ್ಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಪ್ರಯಾಣಿಕರನ್ನು ನಗಿಸುತ್ತ ಟಿಕೆಟ್ ಕೊಡುತ್ತಿದ್ದರು. ಬಲರಾಜ್ ಸಾಹನಿ ಕಣ್ಣಿಗೆ ಬಿದ್ದು, ಅವರ ಮೂಲಕ ಗುರುದತ್ತರ ‘ಬಾಜಿ’ (1951) ಸೇರಿದರು. ಈ ಗುರುದತ್ತ್ ಯಾರು? 1925ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಪಡುಕೋಣೆಯವರು. ಅವರೂ ಕಲ್ಕತ್ತೆಯ ಲಿವರ್ ಬ್ರದರ್ಸ್ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸ್ವಲ್ಪ ಕಾಲ ‘ಹಲೋ ಹಲೋ’ ಅಂದವರೇ. ಟೆಲಿಫೋನ್ ಆಪರೇಟರ್ ಡೈರೆಕ್ಟರ್ ಆದ, ಕಂಡಕ್ಟರ್ ಕಾಮಿಡಿಯನ್ ಆದ. ಓದೋದಕ್ಕೆ ಚೆನ್ನಾಗಿದೆ, ಅಲ್ವೆ?

ಆದರೆ ನನ್ನ ಮನಸ್ಸಿಗೆ ಇವರಿಗಿಂತ ಹತ್ತಿರದವರು ಬೇರೆ ಒಬ್ಬರಿದ್ದಾರೆ. ಅಮರೀಷ್ ಪುರಿ. ‘ಮೊಗ್ಯಾಂಬೋ’ ಅಂದರೆ ಈಗಿನ ಹುಡುಗರಿಗೂ ಗೊತ್ತು. ಅಣ್ಣ ಮದನ್ ಪುರಿ ಆಗಲೇ ಹೆಸರಾಂತ ಖಳನಟ. ತಮ್ಮ ಮುಂಬಯಿಗೆ ಬಂದು ಸ್ಕ್ರೀನ್ ಟೆಸ್ಟ್ ಕೊಟ್ಟ, ಫೇಲಾದ. ಅಲ್ಲಿಗೆ ಊರಿಗೆ ವಾಪಸು ಹೋಗಲೂ ಇಲ್ಲ, ಸ್ಟುಡಿಯೋ ಗೇಟಿನಲ್ಲಿ ನಿಂತು ಕಾಲ ಕಳೆಯಲೂ ಇಲ್ಲ. ಇ.ಎಸ್.ಐ. ನಿಗಮದಲ್ಲಿ ನೌಕರಿಗೆ ಸೇರಿಕೊಂಡ. ಹೌದು, ನಿನ್ನಂಥ ಕಾರ್ಮಿಕರ ಸಂಬಳದಲ್ಲಿ ಹಣ ಹಿಡಿದು ಆಸ್ಪತ್ರೆ ನಡೆಸುತ್ತಾರಲ್ಲ, ಅದೇ ಇ.ಎಸ್.ಐ.! ಅಲ್ಲಿ ಎರಡು ದಶಕ ಫೈಲು ನೋಡಿದರು. ಕಚೇರಿಯ ಹೊತ್ತು ಕಳೆದ ಮೇಲೆ ನಾಟಕ. ಸತ್ಯದೇವ ದುಬೆ ಮುಂತಾದವರ ಕೈಯಲ್ಲಿ ಪಳಗಿದರು. ದನಿ ಹದವಾಯಿತು, ನಿಲುವು ಹದವಾಯಿತು.

1973ರಲ್ಲಿ ನಮ್ಮ ಗಿರೀಶ ಕಾರ್ನಾಡರು ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿಯನ್ನು ಚಿತ್ರ ಮಾಡಿದಾಗ ಚಂದ್ರೇಗೌಡನ ಪಾತ್ರಕ್ಕೆ ಇವರನ್ನು ಕರೆಸಿದರು. ಆಗ ಪುರಿಯವರ ವಯಸ್ಸು ಎಷ್ಟು ಗೊತ್ತೆ? ನಲವತ್ತೊಂದು. ‘ನಿಶಾಂತ್’ (1975) ಬರುವ ಹೊತ್ತಿಗೆ ನಲವತ್ಮೂರು. ನಾಟಕ ಸಿನಿಮಾದವರ ಲೆಕ್ಕದಲ್ಲಿ ಹೀರೋಗಳು ಅಪ್ಪನ ಪಾತ್ರಕ್ಕೆ ಇಳಿಯುವ ವಯಸ್ಸು ಅದು, ಇವರಿಗೆ ಬಾಗಿಲು ತೆರೆದ ವಯಸ್ಸು. ಮುಂದೆ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಅವರಿಲ್ಲದೆ ದೊಡ್ಡ ಹಿಂದಿ ಚಿತ್ರವೇ ಇಲ್ಲ ಅನ್ನುವ ಹಾಗಾಯಿತು.

ಇಷ್ಟು ವರ್ಷ ಕಾಯುವ ಶಕ್ತಿ ಅವರಿಗೆ ಎಲ್ಲಿಂದ ಬಂತು? ಜನ ‘ಛಲ’ ಅಂತಾರೆ. ನಾನು ಒಂದನೇ ತಾರೀಖು ಅಂತೀನಿ. ಒಂದನೇ ತಾರೀಖು ಸಂಬಳ ಕೈಗೆ ಬರುವವನು ಕೆಟ್ಟ ಪಾತ್ರಕ್ಕೆ ‘ಒಲ್ಲೆ’ ಅನ್ನಬಹುದು. ಮನೆಬಾಡಿಗೆ ಬಾಕಿ ಇರುವವನು ಅನ್ನಲಾರ. ಗಾಂಧಿನಗರದ ಮೆಟ್ಟಿಲುಗಳ ಮೇಲೆ ಒಳ್ಳೊಳ್ಳೆಯ ನಟರು ಹೊಟ್ಟೆಪಾಡಿಗೆ ಸಿಕ್ಕಿದ್ದನ್ನೆಲ್ಲ ಒಪ್ಪಿಕೊಂಡು, ಪೆಟ್ಟು ತಿನ್ನುವ ರೌಡಿ ನಂಬರ್ ಮೂರು ಆಗಿ ಮುಗಿದುಹೋದದ್ದನ್ನು ನಾನು ಕಂಡಿದ್ದೇನೆ.

ಬ್ಯಾಂಕಿನ ಅಮೋಲ್ ಪಾಲೇಕರ್ ಕಥೆಯೂ ಇದೇ ಜಾತಿಯದು. ಬ್ಯಾಂಕ್ ಆಫ್ ಇಂಡಿಯಾದಲ್ಲಿ ನೌಕರ, ಬಿಡುವಿನಲ್ಲಿ ರಂಗಭೂಮಿ. ‘ರಜನೀಗಂಧಾ’ (1974) ಮಾಡಿದಾಗಲೂ ಬ್ಯಾಂಕಿನ ಕುರ್ಚಿ ಬಿಟ್ಟಿರಲಿಲ್ಲ. ಆಮೇಲೆ ‘ಛೋಟೀ ಸೀ ಬಾತ್’ನಲ್ಲಿ ಬಸ್‌ಸ್ಟಾಪಿನಲ್ಲಿ ಹುಡುಗಿಗಾಗಿ ನಿಲ್ಲುವ ಆಫೀಸು ಗುಮಾಸ್ತ ಎಷ್ಟು ಸಹಜವಾಗಿ ಬಂದ ನೋಡಿ! ಬಸ್ಸಿಗೆ ಕಾದವನ ಮುಖ ಮೇಕಪ್ಪಿನಿಂದ ಬರುವುದಿಲ್ಲ. 1977ರಲ್ಲಿ ಎಂ.ಎಸ್. ಸತ್ಯು ಅವರ ‘ಕನ್ನೇಶ್ವರ ರಾಮ’ದಲ್ಲಿ ಅನಂತನಾಗ್ ಜೊತೆ ಕನ್ನಡಕ್ಕೂ ಬಂದುಹೋದರು.

ಇನ್ನು ಕಾರ್ನಾಡರನ್ನೇ ತಗೊಳ್ಳಿ. 1963ರಿಂದ 1970ರವರೆಗೆ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಉದ್ಯೋಗ. ಹಗಲು ಪುಸ್ತಕ ಪ್ರಕಾಶನ, ಸಂಜೆ ಮದ್ರಾಸ್ ಪ್ಲೇಯರ್ಸ್ ತಂಡದ ಜೊತೆ ನಾಟಕ. ‘ತುಘಲಕ್’ ಬಂದದ್ದು ಆ ನೌಕರಿಯ ದಿನಗಳಲ್ಲೇ. 1970ರಲ್ಲಿ ರಾಜೀನಾಮೆ ಕೊಟ್ಟರಲ್ಲ, ಬರಿಗೈಯಲ್ಲಿ ಬೀದಿಗೆ ಇಳಿದರೆ? ಇಲ್ಲ ಸ್ವಾಮಿ. ಎರಡು ವರ್ಷದ ಹೋಮಿ ಭಾಭಾ ಫೆಲೋಷಿಪ್ ಅವರಿಗೆ ಬಂತು. ಬಾವಿಗೆ ಇಳಿಯುವ ಮುಂಚೆ ಹಗ್ಗ ನೋಡಿಕೊಂಡರು. ಅದೇ 1970ರಲ್ಲಿ ‘ಸಂಸ್ಕಾರ’ ಬಂದು, ಕನ್ನಡಕ್ಕೆ ಮೊಟ್ಟಮೊದಲ ಸ್ವರ್ಣಕಮಲ ತಂದಿತು. ಅದರಲ್ಲಿ ಪ್ರಾಣೇಶಾಚಾರ್ಯ ಕಾರ್ನಾಡರು, ನಾರಣಪ್ಪ ಪಿ. ಲಂಕೇಶರು. ಆಗ ಲಂಕೇಶರು ಯಾರು? ಇಂಗ್ಲಿಷ್ ಮೇಷ್ಟ್ರು. ಕಾಲೇಜಿನಲ್ಲಿ ಪಾಠ ಮಾಡುವವರು ಅಗ್ರಹಾರದಲ್ಲಿ ಹೆಣವಾಗಿ ಮಲಗಿದರು! ಅವರು ಮೇಷ್ಟ್ರಿಕೆ ಬಿಟ್ಟು ‘ಪತ್ರಿಕೆ’ ತೆಗೆದದ್ದು 1980ರಲ್ಲಿ, ‘ಪಲ್ಲವಿ’ಗೆ ರಾಷ್ಟ್ರಪ್ರಶಸ್ತಿ ಬಂದ ಮೇಲೆ.

ಕನ್ನಡದಲ್ಲಿ ಈ ಎರಡು ದೋಣಿಯ ಪಯಣಿಗರು ಎಷ್ಟು ಮಂದಿ ಎಂದು ಎಣಿಸುತ್ತ ಹೋದರೆ ಈ ಪುಟ ಸಾಲದು. ಚಾಮಯ್ಯ ಮೇಷ್ಟ್ರು ಕೆ.ಎಸ್. ಅಶ್ವತ್ಥ್ ಮೊದಲು ಆಹಾರ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ದ್ವಾರಕೀಶ್ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಮೈಸೂರಿನಲ್ಲಿ ಅಣ್ಣನ ಜೊತೆ ಆಟೋ ಬಿಡಿಭಾಗದ ಅಂಗಡಿ ಇಟ್ಟಿದ್ದವರು. ನಿನ್ನ ಕಸುಬಿನ ನೆಂಟರು, ನೋಡು! ದತ್ತಣ್ಣ ವಾಯುಸೇನೆಯಲ್ಲಿ ಅಧಿಕಾರಿಯಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದು, ಆಮೇಲೆ ಎಚ್.ಎ.ಎಲ್.ನಲ್ಲೂ ಕೆಲಸ ಮಾಡಿದವರು. ಸೇವೆಯಲ್ಲಿದ್ದಾಗಲೇ ನಾಟಕ ಬಿಟ್ಟಿರಲಿಲ್ಲ. ಸಿನಿಮಾಕ್ಕೆ ಬಂದದ್ದು ನಲವತ್ತು ದಾಟಿದ ಮೇಲೆ, ‘ಮುನ್ನುಡಿ’ಗೆ (2000) ಪೋಷಕನಟ ರಾಷ್ಟ್ರಪ್ರಶಸ್ತಿ. 1993ರ ‘ಬಾ ನಲ್ಲೆ ಮಧುಚಂದ್ರಕೆ’ಯಲ್ಲಿ ನಾಯಕ ಕೆ. ಶಿವರಾಂ ಸೇವೆಯಲ್ಲಿದ್ದ ಐ.ಎ.ಎಸ್. ಅಧಿಕಾರಿ, ನಿರ್ದೇಶಕ ನಾಗತಿಹಳ್ಳಿ ಚಂದ್ರಶೇಖರ್ ಕನ್ನಡ ಮೇಷ್ಟ್ರು. ಹಾಡು ಬರೆಯುವವರ ಸಾಲಂತೂ ಬ್ಯಾಂಕು ಕಾಲೇಜುಗಳಿಂದಲೇ ತುಂಬಿದೆ. ‘ಶುಭಮಂಗಳ’ಕ್ಕೆ (1975) ಮರೆಯದ ಹಾಡು ಕೊಟ್ಟ ಎಂ.ಎನ್. ವ್ಯಾಸರಾವ್ ಯುಕೋ ಬ್ಯಾಂಕಿನವರು. ‘ಪರಸಂಗದ ಗೆಂಡೆತಿಮ್ಮ’ನಿಗೆ (1978) ಹಾಡು ಕಟ್ಟಿದ ದೊಡ್ಡರಂಗೇಗೌಡರು ಕಾಲೇಜಿನಲ್ಲಿ ಕನ್ನಡ ಹೇಳುತ್ತಿದ್ದವರು. ‘ಮುಂಗಾರು ಮಳೆ’ಯ (2006) ಜಯಂತ ಕಾಯ್ಕಿಣಿಯವರು ಮುಂಬಯಿಯ ಔಷಧ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿಯುತ್ತಲೇ ಕಥೆ ಬರೆದವರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನಿಸು. ಹಾಡು ಬರೆಯುವ ಕೆಲಸ ನೌಕರಿಯ ಜೊತೆ ಹೊಂದುತ್ತೆ. ಮೊದಲು ಟ್ಯೂನು ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು, ಈಗ ಫೋನಿಗೇ ಬರುತ್ತೆ. ಬಸ್ಸಿನ ಕಿಟಕಿ ಪಕ್ಕ ಕೂತು ಗುನುಗಬಹುದು, ಊಟದ ಬಿಡುವಿನಲ್ಲಿ ಪಲ್ಲವಿ ಬರೆಯಬಹುದು, ರಾತ್ರಿ ಚರಣ. ಯಾವ ಮೇಲಧಿಕಾರಿಗೂ ತಿಳಿಯೋದಿಲ್ಲ. ಕಥೆ, ಸಂಭಾಷಣೆ, ಡಬ್ಬಿಂಗು, ಎಡಿಟಿಂಗು... ಇವಕ್ಕೂ ಸಂಜೆ ಸಾಕಾದೀತು. ಆದರೆ ನಟನೆ ಹಗಲನ್ನು ಕೇಳುತ್ತೆ. ಬೆಳಗ್ಗೆ ಆರಕ್ಕೆ ಮೇಕಪ್ಪು, ಬೆಳಕು ಇರುವವರೆಗೆ ಷೂಟಿಂಗು. ನಿನ್ನ ಡಿಪೋ ಕೇಳುವುದೂ ಅದೇ ಹಗಲನ್ನು.

ಬಾ, ರಜೆ ಲೆಕ್ಕ ಹಾಕೋಣ. 1948ರ ಕಾರ್ಖಾನೆ ಕಾಯಿದೆ ಏನು ಹೇಳುತ್ತಿತ್ತು? ವರ್ಷದಲ್ಲಿ 240 ದಿನ ಕೆಲಸ ಮಾಡಿದವನಿಗೆ, ಪ್ರತಿ 20 ದಿನಕ್ಕೆ ಒಂದರಂತೆ ಮುಂದಿನ ವರ್ಷ ಸಂಬಳದ ರಜೆ. 300 ದಿನ ದುಡಿದರೆ 15 ದಿನ. ನಿನಗೆ ಹೇಳಿರೋದು ನಲವತ್ತು ದಿನದ ಷೂಟಿಂಗು. ಉಳಿದ ಇಪ್ಪತ್ತೈದು ದಿನ ಎಲ್ಲಿಂದ ತರ್ತೀಯ? ಸಿನಿಮಾದ ನಲವತ್ತು ದಿನ ಅಂದರೆ ಒಟ್ಟಿಗೆ ನಲವತ್ತು ದಿನವೂ ಅಲ್ಲ. ಏಪ್ರಿಲ್‌ನಲ್ಲಿ ಎಂಟು, ನಿರ್ಮಾಪಕರ ಕೈ ಖಾಲಿಯಾಗಿ ಮೂರು ತಿಂಗಳು ಬಂದ್, ಆಮೇಲೆ ಮಳೆಗಾಲದಲ್ಲಿ ಆರು... ಹೀಗೆ. ಅಷ್ಟೂ ಕಾಲ ನಿನ್ನ ಗಡ್ಡ ಏಪ್ರಿಲ್‌ನ ಗಡ್ಡದ ಹಾಗೇ ಇರಬೇಕು, ಕೂದಲು ಅಷ್ಟೇ ಉದ್ದ ಇರಬೇಕು. ಇಲ್ಲದಿದ್ದರೆ ಬಾಗಿಲಿನ ಆಚೆ ಗಡ್ಡ ಬಿಟ್ಟವನು ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ನುಣ್ಣಗಾಗಿರುತ್ತಾನೆ. ಪ್ರೇಕ್ಷಕ ಶಿಳ್ಳೆ ಹೊಡೆಯುತ್ತಾನೆ, ನಿನ್ನ ಹೆಸರಿಗಲ್ಲ.

ಅದಕ್ಕೇ ನಮ್ಮ ಬೆಂಗಳೂರಿನ ನೌಕರಸ್ಥ ಕಲಾವಿದರೆಲ್ಲ ಹವ್ಯಾಸಿ ರಂಗಭೂಮಿಗೆ ಹೋದದ್ದು. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ಎದ್ದಿತು. ಆ ಹೊತ್ತಿಗೆ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಎಲ್ಲ ಬಂದಾಗಿತ್ತು. ಸಾವಿರಾರು ಹುಡುಗರು ಬೆಳಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿ ಸಂಜೆ ಇಳಿಯುವವರು. ಸಂಜೆ ಏನು ಮಾಡಬೇಕು? ರಾಜ್ಯೋತ್ಸವ ಬಂದರೆ ಫ್ಯಾಕ್ಟರಿಯಲ್ಲೇ ನಾಟಕ. ಆಮೇಲೆ ಬಿ.ವಿ. ಕಾರಂತರ ‘ಬೆನಕ’, ಸಿ.ಆರ್. ಸಿಂಹ ಅವರ ‘ನಟರಂಗ’ ಇವೆಲ್ಲ ಎಪ್ಪತ್ತರ ದಶಕದಲ್ಲಿ ಬಂದವು. ರಿಹರ್ಸಲ್ ಸಂಜೆ, ಷೋ ಸಂಜೆ, ರಜೆ ಬೇಕಾಗಿದ್ದು ಷೋ ದಿನ ಅರ್ಧ ದಿನ. ನಾನು ಕಂಡಿದ್ದೇನೆ, ಶಾಲೆಯ ಹಾಲಿನಲ್ಲಿ ಬೆಂಚು ಸರಿಸಿ ರಿಹರ್ಸಲ್ ಮಾಡುವಾಗ ಮಹಾರಾಜನ ಉಗುರಿನಲ್ಲಿ ಗ್ರೀಸು ಹಾಗೇ ಇರುತ್ತಿತ್ತು. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗದ ಗ್ರೀಸು. ಆ ಕೈಯನ್ನೇ ಎತ್ತಿ ಅವನು ಆಜ್ಞೆ ಮಾಡಿದರೆ ಹಾಲಿನಲ್ಲಿದ್ದವರೆಲ್ಲ ತೆಪ್ಪಗಾಗುತ್ತಿದ್ದೆವು.

ಆ ಮಹಾರಾಜನ ಕಥೆ ಹೇಳಲೇಬೇಕು. ಹೆಸರು ಬೇಡ, ಇನ್ನೂ ಇದ್ದಾನೆ. ಲೇತಿನ ಮೇಲೆ ಕೆಲಸ. ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ಕಲಾತ್ಮಕ ಚಿತ್ರದಲ್ಲಿ ಒಳ್ಳೆಯ ಪಾತ್ರಕ್ಕೆ ಅವನನ್ನು ಕರೆದರು. ಮಲೆನಾಡಿನಲ್ಲಿ ಇಪ್ಪತ್ತು ದಿನ. ಮೇಲಿನವರು ರಜೆ ಕೊಡಲಿಲ್ಲ. ಸಂಬಳವಿಲ್ಲದ ರಜೆ ಕೇಳಿದ, ಅದೂ ಇಲ್ಲ. ಮನೆಯಲ್ಲಿ ಎರಡು ತಿಂಗಳ ಕೂಸು. ಹೋಗಲಿಲ್ಲ. ಆ ಪಾತ್ರ ಬೇರೆಯವರಿಗೆ ಹೋಯಿತು, ಹೆಸರೂ ತಂದಿತು. ಇವನು ನಿವೃತ್ತನಾದ, ಮನೆ ಕಟ್ಟಿಸಿದ, ಆ ಕೂಸು ಈಗ ಎರಡು ಮಕ್ಕಳ ತಾಯಿ. ‘ಬೇಜಾರಿಲ್ಲ ಕಣೋ’ ಅಂತಾನೆ. ಆದರೆ ಟಿ.ವಿ.ಯಲ್ಲಿ ಆ ಚಿತ್ರ ಬಂದರೆ, ಆ ಪಾತ್ರ ಬರುವ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಅಡುಗೆಮನೆಗೆ ಎದ್ದು ಹೋಗುತ್ತಾನಂತೆ. ಅವನ ಹೆಂಡತಿಯೇ ನನಗೆ ಹೇಳಿದ್ದು.

ಅದಕ್ಕೇ ತಮ್ಮಾ, ‘ನೌಕರಿ ಬಿಡಬೇಡ, ಸುಖವಾಗಿರು’ ಅಂತ ನಾನು ಹಲ್ಲುಬಿಟ್ಟು ಹೇಳಲಾರೆ. ನೌಕರಿಯೂ ತಿನ್ನುತ್ತೆ. ಖಾಯಂ ಆಗಲಿ ಆಮೇಲೆ ನೋಡೋಣ, ಮದುವೆಯಾಗಲಿ ಆಮೇಲೆ, ಸೈಟಿನ ಸಾಲ ತೀರಲಿ ಆಮೇಲೆ... ಹೀಗೆ ಅಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಆ ‘ಆಮೇಲೆ’ ಬರಲೇ ಇಲ್ಲ. ಅಮರೀಷ್ ಪುರಿ ಎರಡು ದಶಕ ಆಫೀಸಿಗೆ ಹೋದರು ಅಂದೆನಲ್ಲ, ಆ ಕಾಲದಲ್ಲಿ ನಾಟಕ ಬಿಟ್ಟು ಮನೆಯಲ್ಲಿ ಕೂತಿರಲಿಲ್ಲ ಎಂಬುದನ್ನೂ ಅದರ ಜೊತೆಗೇ ಓದಿಕೊ.

ಬಿಟ್ಟುಬಂದವನ ಕಥೆಯೂ ಒಂದಿದೆ. ಶೇಷಾದ್ರಿಪುರದ ವಠಾರದಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳೆಯ. ಮಿಲ್ಲಿನ ಕೆಲಸಕ್ಕೆ ಶರಣು ಹೊಡೆದು ನಾಯಕನಾಗಲು ಹೊರಟ. ನಾಯಕನಾಗಲಿಲ್ಲ, ಖಳನಾಯಕನೂ ಆಗಲಿಲ್ಲ. ಎರಡು ವರ್ಷ ನನ್ನ ತಟ್ಟೆಯಲ್ಲೇ ಊಟ. ಒಂದು ಷೂಟಿಂಗಿನಲ್ಲಿ ಊಟದ ವ್ಯಾನು ಬರದೆ ನೂರು ಜನ ಹಸಿದು ಕೂತಾಗ, ಇವನು ಹತ್ತಿರದ ಹಳ್ಳಿಗೆ ಸೈಕಲ್ ಹೊಡೆದುಕೊಂಡು ಹೋಗಿ, ಮದುವೆ ಮನೆಯವರನ್ನು ಒಪ್ಪಿಸಿ ಅಷ್ಟೂ ಜನಕ್ಕೆ ಚಿತ್ರಾನ್ನ ತರಿಸಿದ. ಅವತ್ತೇ ನಿರ್ಮಾಪಕರು ಅವನನ್ನು ಪ್ರೊಡಕ್ಷನ್ನಿಗೆ ಹಾಕಿಕೊಂಡರು. ಮೂವತ್ತು ವರ್ಷ ಮ್ಯಾನೇಜರ್ ಆಗಿ ಬಾಳಿದ. ತೆರೆಯ ಮೇಲೆ ಒಮ್ಮೆಯೂ ಮುಖ ತೋರಲಿಲ್ಲ, ಆದರೆ ಅವನಷ್ಟು ಖುಷಿಯಾಗಿದ್ದ ಮನುಷ್ಯನನ್ನು ನಾನು ಗಾಂಧಿನಗರದಲ್ಲಿ ಇನ್ನೊಬ್ಬನನ್ನು ಕಾಣೆ.

‘ಅಣ್ಣಾ, ನೀವು?’ ಅಂತ ಕೇಳುವವರಿದ್ದೀರಿ. ಹೇಳ್ತೀನಿ. ನಾನು ಸರ್ಕಾರಿ ಕಚೇರಿಯೊಂದರ ಡೆಸ್ಪ್ಯಾಚ್ ಸೆಕ್ಷನ್ನಿನಲ್ಲಿ ಮೂವತ್ಮೂರು ವರ್ಷ ಲಕೋಟೆಗೆ ಅಂಟು ಹಚ್ಚಿದವನು. ಹಗಲೆಲ್ಲ ‘ರವಾನಿಸಲಾಗಿದೆ’, ರಾತ್ರಿ ಸಿನಿಮಾ ಬರಹ. ಇಲಾಖೆಗೆ ಅರ್ಜಿ ಕೊಟ್ಟು, ಅನುಮತಿ ಕಾಗದ ಪಡೆದು ಬರೆದೆ. ಎಂಬತ್ತರ ದಶಕದಲ್ಲಿ ಒಬ್ಬ ನಿರ್ಮಾಪಕರಿಗೆ ಅರ್ಧ ಚಿತ್ರಕ್ಕೆ ಸಂಭಾಷಣೆ ಬರೆದುಕೊಟ್ಟೆ. ನಾಲ್ಕು ತಿಂಗಳು ರಾತ್ರಿ ಎರಡಕ್ಕೆ ಮುಂಚೆ ಮಲಗಿಲ್ಲ. ಚಿತ್ರ ಬಿಡುಗಡೆಯಾದ ದಿನ ಮನೆಮಂದಿಯನ್ನೆಲ್ಲ ಕರಕೊಂಡು ಬಾಲ್ಕನಿಯಲ್ಲಿ ಕೂತೆ. ಟೈಟಲ್ ಕಾರ್ಡು ಬಂತು, ಹೋಯಿತು. ನನ್ನ ಹೆಸರಿಲ್ಲ. ಚಹಾ ಕೊಡುವ ಹುಡುಗನ ಹೆಸರೂ ಇತ್ತು, ನನ್ನದಿಲ್ಲ! ಮಗ ಕೇಳಿದ, ‘ಅಪ್ಪಾ, ನಿಂದು ಇಂಟರ್ವಲ್ ಆದ್ಮೇಲೆ ಬರುತ್ತಾ?’ ಹಣವೂ ಬರಲಿಲ್ಲ.

ಸೋಮವಾರ ಆಫೀಸಿಗೆ ಹೋದೆ. ಒಂದನೇ ತಾರೀಖು ಸಂಬಳ ಬಂತು. ಹಾಲಿನವನಿಗೆ ಕೊಟ್ಟೆ, ಬಾಡಿಗೆ ಕೊಟ್ಟೆ, ಮತ್ತೆ ಪೆನ್ನು ತೆಗೆದೆ. ಕೆಲಸ ಬಿಟ್ಟು ಬರೆದಿದ್ದರೆ ಆ ಬಾಲ್ಕನಿಯಿಂದ ಇಳಿದುಬರುವ ಮೆಟ್ಟಿಲು ನನಗೆ ಬೇರೆ ಥರ ಕಾಣುತ್ತಿತ್ತು. ಇಷ್ಟು ಮಾತ್ರ ಖಂಡಿತ.

ಈಗ ವ್ಯವಹಾರಕ್ಕೆ ಬರೋಣ. ಮೊದಲು ಮೂರು ಲಕ್ಷ. ಕೊಡಬೇಡ. ಮೂರು ಲಕ್ಷ ಅಲ್ಲ, ಮೂರು ಸಾವಿರವೂ ಬೇಡ. ನಟನಿಗೆ ನಿರ್ಮಾಪಕ ಹಣ ಕೊಡುವುದು ಈ ಉದ್ಯಮದ ಪದ್ಧತಿ. ನಟನಿಂದ ಹಣ ಇಸಕೊಳ್ಳುವವನಿಗೆ ಬೇರೆ ಹೆಸರಿದೆ. ಚಿತ್ರ ಮಾಡುವವರು ಚಿತ್ರದ ಹೆಸರನ್ನು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಬೇಕು. ಬ್ಯಾನರ್ ಯಾವುದು, ಶೀರ್ಷಿಕೆ ಏನು, ನಿರ್ದೇಶಕರು ಯಾರು ಎಂದು ಆ ಮನುಷ್ಯನನ್ನು ಕೇಳು. ಬರಹದಲ್ಲಿ ಕೇಳು. ಆ ಹೆಸರು ಹಿಡಿದು ಮಂಡಳಿಯಲ್ಲಿ ವಿಚಾರಿಸು. ನಿಜವಾದ ಚಿತ್ರವಾಗಿದ್ದರೆ ಅವರಿಗೆ ನಿನ್ನ ಪ್ರಶ್ನೆಯಿಂದ ಕೋಪ ಬರುವುದಿಲ್ಲ. ಕೋಪ ಬಂದರೆ ನಿನಗೆ ಉತ್ತರ ಸಿಕ್ಕಿತು ಅಂತ ತಿಳಿ. ಒಡವೆ ಪೆಟ್ಟಿಗೆಯಲ್ಲೇ ಇರಲಿ ಅಂತ ಅವ್ವನಿಗೆ ಹೇಳು, ಅಣ್ಣ ಹೇಳಿದ ಅಂತ ಹೇಳು.

ಎರಡನೆಯದು ರಾಜೀನಾಮೆ. ಅದನ್ನು ಜೇಬಿನಿಂದ ತೆಗೆದು ಅಕ್ಕಿ ಡಬ್ಬದ ಕೆಳಗೆ ಇಡು. ಹರಿಯಬೇಡ. ಎಂಟು ತಿಂಗಳು ಕಳೆದು ಖಾಯಂ ಆದೇಶ ಕೈಗೆ ಬರಲಿ. ಅಷ್ಟರೊಳಗೆ ಡಿಪೋದ ನಿಯಮ ಓದಿಕೊ. ಕೇಂದ್ರ ಸರ್ಕಾರದ 1964ರ ನಡತೆ ನಿಯಮಗಳಲ್ಲಿ ಒಂದು ಮಾತಿದೆ: ಬೇರೆ ಉದ್ಯೋಗಕ್ಕೆ, ವ್ಯಾಪಾರಕ್ಕೆ ಪೂರ್ವಾನುಮತಿ ಬೇಕೇ ಬೇಕು, ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯ, ಕಲೆಯ ಕೆಲಸಕ್ಕೆ ಅಡ್ಡಿಯಿಲ್ಲ, ಆದರೆ ಕಚೇರಿಯ ಕೆಲಸಕ್ಕೆ ಧಕ್ಕೆ ಬರಬಾರದು. ನಿನ್ನ ಸಂಸ್ಥೆಗೆ ತನ್ನದೇ ನಿಯಮ ಇರುತ್ತೆ, ಅಲ್ಲಿಯ ಆಡಳಿತ ಶಾಖೆಯಲ್ಲಿ ಗುಮಾಸ್ತರನ್ನು ಹಿಡಿದು ಕೇಳು. ಕದ್ದು ಮಾತ್ರ ಮಾಡಬೇಡ. ತೆರೆಯ ಮೇಲೆ ಮುಖ ಬರುವ ಕಸುಬು ಕದ್ದು ಮಾಡುವಂಥದ್ದಲ್ಲ, ಮೇಲಧಿಕಾರಿಯೂ ಟಿಕೆಟ್ ತಗೊಂಡೇ ಬರ್ತಾನೆ!

ಮೂರನೆಯದು, ಈ ಎಂಟು ತಿಂಗಳು ಸುಮ್ಮನೆ ಕೂರಬೇಡ. ಹಾಸನದಲ್ಲಿ ನಾಟಕದವರು ಇದ್ದಾರೆ, ಹುಡುಕು. ದುರ್ಯೋಧನ ಬಿಟ್ಟು ಬೇರೆ ಏನಾದರೂ ಮಾಡು. ಒಬ್ಬ ಸೋತ ಅಪ್ಪ, ಒಬ್ಬ ಹೆದರಿದ ಗುಮಾಸ್ತ. ಕೂಗದೆ ಮಾತಾಡುವುದನ್ನು ಕಲಿ. ಕ್ಯಾಮರಾ ಮುಂದೆ ಅದೇ ಕಷ್ಟ. ನೀನು ಕಳಿಸಿದ ರೀಲ್ಸ್ ನೋಡಿದೆ. ಡೈಲಾಗು ಹೇಳುವಾಗಿನದಕ್ಕಿಂತ, ಹೇಳಿ ಮುಗಿಸಿ ಫೋನು ಆಫ್ ಮಾಡಲು ಕೈ ಚಾಚುತ್ತೀಯಲ್ಲ, ಆ ಅರ್ಧ ಕ್ಷಣದ ನಿನ್ನ ಮುಖ ನನಗೆ ಹಿಡಿಸಿತು. ಸುಳ್ಳು ಹೇಳುತ್ತಿಲ್ಲ. ನಾಟಕ ತಯಾರಾದ ದಿನ ಕಾಗದ ಹಾಕು. ಭಾನುವಾರವಾದರೆ ಮೊದಲ ಬಸ್ಸಿಗೇ ಬರ್ತೀನಿ.

ಜಾಗ ಸ್ವಲ್ಪ ಉಳಿದಿದೆ. ರಾಣೆಬೆನ್ನೂರಿನ ಒಬ್ಬ ಅಭಿಮಾನಿ ಕೇಳಿದ್ದಾರೆ: ‘ಅಣ್ಣಾವ್ರು ಸಿನಿಮಾಕ್ಕೆ ಬರೋ ಮುಂಚೆ ಬೇರೆ ಯಾವ ನೌಕರಿ ಮಾಡ್ತಿದ್ರು?’ ಸ್ವಾಮಿ, 1954ರಲ್ಲಿ ‘ಬೇಡರ ಕಣ್ಣಪ್ಪ’ ಬರುವ ಮುಂಚೆ ಡಾ. ರಾಜ್ ಇದ್ದದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ, ತಂದೆ ಪುಟ್ಟಸ್ವಾಮಯ್ಯನವರ ಜೊತೆ. ಆ ಕಾಲದ ಕಂಪನಿ ಅಂದರೆ ಅದೂ ನೌಕರಿಯೇ. ಊಟ, ವಸತಿ, ಸಂಬಳ, ಶಿಸ್ತು ಎಲ್ಲ ಇತ್ತು. ನಮಗೆ ನಿಮಗೆ ಡ್ಯೂಟಿ ಮುಗಿದ ಮೇಲೆ ಬಣ್ಣ, ಅವರಿಗೆ ಬಣ್ಣ ಹಚ್ಚಿದ ಮೇಲೆ ಡ್ಯೂಟಿ!

ಮುಂದಿನ ವಾರ ಹೊಡೆದಾಟದ ಕಲಾವಿದರ ಬಗ್ಗೆ ಬರೀತೀನಿ. ಪತ್ರ ಹಾಕಿ, ಅಕ್ಷರ ಸ್ವಲ್ಪ ದೊಡ್ಡದಾಗಿ ಬರೆಯಿರಿ.